ಗಿಳಿ ಸಾಕಿದರೆ ಕೇಸು, ಕೊನೂರ್ ಸಾಕಿದರೆ ಫಾರಂ

ಹೋದ ತಿಂಗಳು ದಾವಣಗೆರೆಗೆ ಹೋದಾಗ ಕೆ.ಬಿ. ಬಡಾವಣೆಯಲ್ಲಿರುವ ಗೆಳೆಯನ ಮನೆಗೂ ಹೋಗಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಒಳಗಿಂದ ಕಿವಿ ತೂತಾಗುವಂಥ ಕಿರುಚಾಟ. ಬೆಚ್ಚಿದ ನನ್ನನ್ನು ನೋಡಿ ಗೆಳೆಯನ ಅಮ್ಮ ನಕ್ಕರು: "ಗಾಬ್ರಿ ಆಗಬ್ಯಾಡಪ್ಪ, ನಮ್ಮ ಮೊಮ್ಮಗಳು ತಂದಿರೋ ಗಿಳಿ ಅದು. ಬ್ರೆಜಿಲ್‌ದಂತೆ. ಒಂದ್ಸಲ ಕೂಗಿದ್ರೆ ಇಡೀ ಓಣಿಗೆ ಕೇಳ್ತೈತಿ."

ನಡುಮನೆಯ ಮೂಲೆಯಲ್ಲಿ, ಟಿವಿ ಪಕ್ಕದ ಪಂಜರದಲ್ಲಿ ಸನ್ ಕೊನೂರ್ ಕೂತಿತ್ತು. ಅರಿಶಿನಕ್ಕೆ ಕುಂಕುಮ ಬೆರೆಸಿದಂಥ ಬಣ್ಣ, ನೋಡೋಕೆ ಎರಡು ಕಣ್ಣು ಸಾಲದು. ಆದರೆ ಎದೆಯ ಮೇಲೆ ನಾಣ್ಯದಷ್ಟು ಜಾಗದಲ್ಲಿ ಪುಕ್ಕವೇ ಇರಲಿಲ್ಲ, ಬರೀ ಚರ್ಮ. ಹತ್ತೊಂಬತ್ತು ವರ್ಷದ ಆ ಮೊಮ್ಮಗಳು ನನ್ನ ಮುಖ ನೋಡಿದವಳೇ ಮೊದಲು ಹೇಳಿದ್ದು ಇದು: "ಎಲ್ಲಾ ಲೀಗಲ್ ಐತಿ ಅಂಕಲ್. ರಿಜಿಸ್ಟರ್ ಮಾಡ್ಸೀವಿ." ನಾನು ಲೀಗಲ್ಲಾ ಅಂತ ಕೇಳಿಯೇ ಇರಲಿಲ್ಲ.

ಇದೇ ಓಣಿಯಲ್ಲಿ ನಾವು ರೂಮು ಮಾಡಿಕೊಂಡು ಇಂಜಿನಿಯರಿಂಗ್ ಓದುತ್ತಿದ್ದಾಗ ಗಿಳಿಶಾಸ್ತ್ರ ಹೇಳುವ ಒಬ್ಬ ಅಜ್ಜ ಬರುತ್ತಿದ್ದ. ಸಣ್ಣ ಪೆಟ್ಟಿಗೆ, ಅದರೊಳಗೆ ರೆಕ್ಕೆ ಕತ್ತರಿಸಿದ ಹಸಿರು ಗಿಳಿ, ಮುಂದೆ ಹರಡಿದ ಚೀಟಿಗಳು. ಈಗ ಆ ಅಜ್ಜ ಬರುವುದಿಲ್ಲ. ಬಂದರೂ ಗಿಳಿ ಸಮೇತ ಬರುವಂತಿಲ್ಲ. ನಮ್ಮೂರಿನ ಆ ಹಸಿರು ಗಿಳಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪಕ್ಷಿ, ಈಗ ಅದರ ಎರಡನೇ ಪಟ್ಟಿಯಲ್ಲಿದೆ. ಹಿಡಿಯೋದು, ಮಾರೋದು, ಸಾಕೋದು ಎಲ್ಲವೂ ಅಪರಾಧ. ಅದು ಸರಿಯಾದ ಕಾನೂನೇ. ನನ್ನ ತಕರಾರು ಬೇರೆ. ಎರಡೂ ಗಿಳಿ ಜಾತಿಯ ಹಕ್ಕಿಗಳು. ಎರಡಕ್ಕೂ ಹಾರೋಕೆ ಆಕಾಶ ಬೇಕು, ಜೊತೆಗೆ ಹಿಂಡು ಬೇಕು. ಒಂದಕ್ಕೆ ಕೇಸು, ಇನ್ನೊಂದಕ್ಕೆ ಫಾರಂ. ಈ ವ್ಯತ್ಯಾಸ ಬಂದಿದ್ದು ಎಲ್ಲಿಂದ?

ಕಾನೂನು ಕೇಳುವ ಪ್ರಶ್ನೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರೆದಿದ್ದು ನಮ್ಮ ಕಾಡಿನ ಪ್ರಾಣಿಗಳಿಗಾಗಿ. ಹುಲಿ, ಆನೆ, ಕೃಷ್ಣಮೃಗ, ನಕ್ಷತ್ರ ಆಮೆ, ಗಿಳಿ. ದಕ್ಷಿಣ ಅಮೆರಿಕದ ಹಕ್ಕಿ, ಆಫ್ರಿಕಾದ ಹೆಬ್ಬಾವು, ಆಸ್ಟ್ರೇಲಿಯಾದ ಶುಗರ್ ಗ್ಲೈಡರ್ ಅದರ ಲೆಕ್ಕದಲ್ಲೇ ಇರಲಿಲ್ಲ. ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತಾರಾಷ್ಟ್ರೀಯ 'ಸೈಟಿಸ್' ಒಪ್ಪಂದಕ್ಕೆ ಭಾರತ 1976ರಲ್ಲೇ ಸೇರಿದ್ದರೂ, ಅದರ ಹಿಡಿತ ಇದ್ದದ್ದು ಬಂದರು ಮತ್ತು ವಿಮಾನ ನಿಲ್ದಾಣದ ಕಸ್ಟಮ್ಸ್ ಗೇಟಿನ ತನಕ. ಗೇಟು ದಾಟಿ ಒಳಗೆ ಬಂದ ಪ್ರಾಣಿ ಯಾರ ಜವಾಬ್ದಾರಿಯೂ ಆಗಿರಲಿಲ್ಲ.

2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಸೂಚನೆ ಹೊರಡಿಸಿತು. ನಿಮ್ಮ ಹತ್ತಿರ ವಿದೇಶಿ ಪ್ರಾಣಿ ಇದ್ದರೆ ಆರು ತಿಂಗಳೊಳಗೆ ಸ್ವಯಂ ಘೋಷಣೆ ಮಾಡಿ, ಎಲ್ಲಿಂದ ತಂದಿರಿ ಅನ್ನೋದಕ್ಕೆ ದಾಖಲೆ ಕೇಳೋದಿಲ್ಲ. 2022ರ ಡಿಸೆಂಬರ್‌ನಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು, 2023ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಸೈಟಿಸ್ ಪಟ್ಟಿಯಲ್ಲಿರುವ ಜೀವಿಗಳು ಹೊಸ ನಾಲ್ಕನೇ ಪಟ್ಟಿಗೆ ಸೇರಿದವು. 2024ರ ಫೆಬ್ರುವರಿಯಲ್ಲಿ ನೋಂದಣಿ ನಿಯಮಗಳು ಬಂದವು. ಆರು ತಿಂಗಳ ಗಡುವು, ಆನ್‌ಲೈನ್ ಪೋರ್ಟಲ್, ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ. ಮರಿ ಹುಟ್ಟಿದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ತಿಳಿಸಬೇಕು.

ಇದು ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು, ಒಪ್ಪೋಣ. ಆದರೆ ಕಾನೂನಿನ ಕಣ್ಣು ಇರುವುದು ಎಲ್ಲಿ ಅಂತ ನೋಡಿ: ಎಲ್ಲಿಂದ ಬಂತು, ಯಾರ ಹತ್ತಿರ ಇದೆ, ಎಷ್ಟಿದೆ. ಇದು ಆಸ್ತಿಯ ಭಾಷೆ. ಸೈಟು ರಿಜಿಸ್ಟರ್ ಮಾಡಿಸುವಾಗ ಕೇಳೋದೂ ಇದನ್ನೇ. ಈ ಜಾತಿಯ ಪ್ರಾಣಿ ಒಂದು ಮನೆಯೊಳಗೆ ಬದುಕಬಲ್ಲುದಾ ಅನ್ನುವ ತೀರ್ಮಾನವನ್ನು ಯಾರೂ ಮೊದಲೇ ಮಾಡಿಲ್ಲ. ನೋಂದಣಿ ಆದ ಮೇಲೆ ಆ ಪ್ರಶ್ನೆ ಇನ್ನೂ ಆಳಕ್ಕೆ ಹೂತುಹೋಗುತ್ತೆ. ಯಾಕೆಂದರೆ ಕೈಯಲ್ಲಿ ಸರ್ಕಾರಿ ಕಾಗದ ಇದೆಯಲ್ಲ.

ಪುಕ್ಕ ಯಾಕೆ ಕಿತ್ತುಕೊಳ್ಳುತ್ತೆ

ಸನ್ ಕೊನೂರ್ ದಕ್ಷಿಣ ಅಮೆರಿಕದ ಈಶಾನ್ಯ ಭಾಗದ ಹಕ್ಕಿ. ಗಯಾನಾ ಮತ್ತು ಉತ್ತರ ಬ್ರೆಜಿಲ್‌ನ ಒಂದು ಸಣ್ಣ ಪ್ರದೇಶ ಅದರ ಊರು. ಪಂಜರದ ವ್ಯಾಪಾರಕ್ಕೆಂದು ದಶಕಗಳ ಕಾಲ ಹಿಡಿದು ಸಾಗಿಸಿದ ಪರಿಣಾಮ ಇವತ್ತು ಕಾಡಿನಲ್ಲಿ ಅದು ಅಳಿವಿನಂಚಿನಲ್ಲಿದೆ. ಅಂದರೆ ನಮ್ಮ ಹಸಿರು ಗಿಳಿಗಿಂತ ಎಷ್ಟೋ ಅಪರೂಪ. ಕಾಡಿನಲ್ಲಿ ಅದು ಹಿಂಡಾಗಿ ಬದುಕುತ್ತೆ, ದಿನಕ್ಕೆ ಮೈಲುಗಟ್ಟಲೆ ಹಾರುತ್ತೆ. ಆ ಕಿರುಚಾಟ ಇದೆಯಲ್ಲ, ಅದು ಹಠ ಅಲ್ಲ. ದೂರದ ಮರದಲ್ಲಿರುವ ಜೊತೆಗಾರರಿಗೆ 'ನಾನಿಲ್ಲಿದ್ದೇನೆ, ನೀನೆಲ್ಲಿ' ಅಂತ ಕೂಗುವ ಕೂಗು. ಕೆ.ಬಿ. ಬಡಾವಣೆಯಲ್ಲಿ ಆ ಪ್ರಶ್ನೆಗೆ ಉತ್ತರ ಕೊಡುವವರು ಯಾರೂ ಇಲ್ಲ. ಅದಕ್ಕೇ ಮತ್ತೆ ಮತ್ತೆ ಕೂಗುತ್ತೆ.

ಪುಕ್ಕ ಕಿತ್ತುಕೊಳ್ಳುವುದಕ್ಕೆ ಕಾರಣ ಹಲವು. ಚರ್ಮದ ಸೋಂಕು, ಹುಳ, ಆಹಾರದ ಕೊರತೆ, ಒಂಟಿತನ, ಬೇಸರ. ಯಾವುದು ಅಂತ ಹೇಳಬೇಕಾದ್ದು ಹಕ್ಕಿಗಳ ಬಗ್ಗೆ ತಿಳಿದ ಪಶುವೈದ್ಯರು. ಬರೀ ಸೂರ್ಯಕಾಂತಿ ಬೀಜ ಹಾಕಿದರೆ ಕೊಬ್ಬು ಯಕೃತ್ತಿಗೆ ಸೇರುತ್ತೆ, ವಿಟಮಿನ್ ಎ ಸಿಗೋದಿಲ್ಲ. ಇನ್ನೊಂದು ವಿಷಯ ಹೇಳಿದಾಗ ಆ ಮನೆಯಲ್ಲಿ ಎಲ್ಲರೂ ಅಡುಗೆಮನೆ ಕಡೆ ತಿರುಗಿದರು. ನಾನ್‌ಸ್ಟಿಕ್ ತವಾ ಮಿತಿಮೀರಿ ಕಾದಾಗ ಬರುವ ಹೊಗೆ ನಮಗೆ ಗೊತ್ತಾಗದೇ ಇರಬಹುದು, ಆದರೆ ಪಂಜರದ ಹಕ್ಕಿ ನಿಮಿಷಗಳಲ್ಲಿ ಸಾಯಬಹುದು. ಗಾಳಿಚೀಲಗಳಿರುವ ಹಕ್ಕಿಯ ಉಸಿರಾಟ ನಮ್ಮದಕ್ಕಿಂತ ದಕ್ಷ, ಹಾಗಾಗಿ ವಿಷವೂ ಅಷ್ಟೇ ದಕ್ಷವಾಗಿ ಒಳಗೆ ಹೋಗುತ್ತೆ. ದೋಸೆಯ ಊರಿನಲ್ಲಿ ಗಿಳಿ ಮಾರುವವನು ಮೊದಲು ಹೇಳಬೇಕಾದ ಮಾತಿದು. ಇವರಿಗೆ ಯಾರೂ ಹೇಳಿರಲಿಲ್ಲ.

ಸಾಧು ಪ್ರಾಣಿ ಅನ್ನುವ ಭ್ರಮೆ

ರೀಲ್ಸ್‌ನಲ್ಲಿ ನೋಡಿರುತ್ತೀರಿ, ಹೆಗಲ ಮೇಲೆ ಅಲ್ಲಾಡದೆ ಕೂತ ಇಗ್ವಾನಾ, ಅಂಗೈಯಲ್ಲಿ ಉಂಡೆಯಾದ ಬಾಲ್ ಪೈಥಾನ್. 'ಎಷ್ಟು ಸಾಧು ಅಲ್ವಾ' ಅಂತ ಕಾಮೆಂಟು. ಬಾಲ್ ಪೈಥಾನ್‌ಗೆ ಆ ಹೆಸರು ಬಂದಿದ್ದೇ ಹೆದರಿದಾಗ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ. ನಾವು ಸಾಧುತನ ಅಂದುಕೊಂಡದ್ದು ಅದರ ಭಯ. ಇಗ್ವಾನಾ ಅಲ್ಲಾಡದೆ ಕೂತಿದೆ ಅಂದರೆ ಮೈ ತಣ್ಣಗಾಗಿರಬಹುದು, ಕಾಯಿಲೆಯೂ ಇರಬಹುದು. ಬೇಟೆಗೆ ಸಿಕ್ಕುವ ಪ್ರಾಣಿಗಳು ಕಾಯಿಲೆ ತೋರಿಸಿಕೊಳ್ಳುವುದಿಲ್ಲ. ತೋರಿಸಿಕೊಂಡರೆ ಕಾಡಿನಲ್ಲಿ ಅದೇ ಕೊನೆ. ನಾಯಿ ಕುಂಟುತ್ತಾ ಬಂದು ನಿಮ್ಮ ಮುಂದೆ ಕೂರುತ್ತೆ, ಹಲ್ಲಿ ಜಾತಿಯದ್ದು ಕೂರೋದಿಲ್ಲ. ನಿಮಗೆ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತೆ.

ಇಗ್ವಾನಾದ್ದೇ ಲೆಕ್ಕ ತೆಗೆಯಿರಿ. ಅದು ಸೊಪ್ಪು ತಿನ್ನುವ ಪ್ರಾಣಿ. ತಿಂದದ್ದು ಅರಗಬೇಕಾದರೆ ಮೈಯನ್ನು ಹೊರಗಿನ ಶಾಖದಿಂದ ಬಿಸಿ ಮಾಡಿಕೊಳ್ಳಬೇಕು. ಮೂಳೆ ಗಟ್ಟಿಯಾಗಬೇಕಾದರೆ ಯುವಿಬಿ ಕಿರಣ ಚರ್ಮಕ್ಕೆ ಬೀಳಬೇಕು, ಆಗಲೇ ವಿಟಮಿನ್ ಡಿ3 ತಯಾರಾಗಿ ಕ್ಯಾಲ್ಸಿಯಂ ಮೈಗೆ ಹತ್ತುತ್ತೆ. ಕಿಟಕಿ ಪಕ್ಕ ಇಟ್ಟಿದ್ದೀವಿ, ಬಿಸಿಲು ಬೀಳುತ್ತಲ್ಲ ಅಂದರೆ ಆಗೋದಿಲ್ಲ, ಗಾಜು ಆ ಕಿರಣಗಳನ್ನು ತಡೆಯುತ್ತೆ. ಕಿರಣ ಸಿಗದ ಇಗ್ವಾನಾದ ದವಡೆ ಮೆತ್ತಗಾಗುತ್ತೆ, ಕಾಲು ಸೊಟ್ಟಗಾಗುತ್ತೆ, ಬೆನ್ನುಮೂಳೆ ಬಾಗುತ್ತೆ. ಅದಕ್ಕೆ ತೇವದ ಗಾಳಿ ಬೇಕು. ದಾವಣಗೆರೆಯ ಏಪ್ರಿಲ್ ಅಂದರೆ 40 ಡಿಗ್ರಿ ಹತ್ತಿರದ ಒಣ ಬಿಸಿಲು. ಅಂಗೈಯಗಲ ತಂದದ್ದು ಐದಾರು ಅಡಿ ಬೆಳೆಯುತ್ತೆ, ಹದಿನೈದು ವರ್ಷಕ್ಕೂ ಮೇಲೆ ಬದುಕುತ್ತೆ. ಇಂಜಿನಿಯರಿಂಗ್‌ನಲ್ಲಿ ಕಲಿತದ್ದರಲ್ಲಿ ನೆನಪಿರುವುದು ಕಡಿಮೆ. ಆದರೆ ಮಷಿನ್ ಕೊಳ್ಳುವ ಮೊದಲು ಅದರ ಸ್ಪೆಸಿಫಿಕೇಷನ್ ಓದಬೇಕು ಅನ್ನೋದು ನೆನಪಿದೆ. ಜೀವ ಕೊಳ್ಳುವಾಗ ನಾವು ಬಣ್ಣ ನೋಡಿ ಕೊಳ್ಳುತ್ತೇವೆ.

ಬ್ಯಾಂಕಾಕ್‌ನಿಂದ ಬಂದ ಟ್ರಾಲಿ

ಈ ಪ್ರಾಣಿಗಳೆಲ್ಲ ಇಲ್ಲೇ ಹುಟ್ಟಿದವು, ಫಾರ್ಮ್‌ನಲ್ಲಿ ಬೆಳೆಸಿದವು ಅಂತ ಮಾರುವವರು ಹೇಳುತ್ತಾರೆ. ಹಲವು ನಿಜವೂ ಇರುತ್ತವೆ. ಆದರೆ 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಟ್ರಾಲಿ ಬ್ಯಾಗಿನಲ್ಲಿ 234 ಪ್ರಾಣಿಗಳಿದ್ದವು. ಹೆಬ್ಬಾವು, ಗೋಸುಂಬೆ, ಇಗ್ವಾನಾ, ಆಮೆ, ಮೊಸಳೆ ಜಾತಿಯ ಮರಿಗಳು. ಜೊತೆಗೆ ಒಂದು ಕಾಂಗರೂ ಮರಿ, ಉಸಿರು ಕಟ್ಟಿ ಸತ್ತಿತ್ತು. ಮರು ತಿಂಗಳೇ ಇನ್ನೊಂದು ಬ್ಯಾಗು: 55 ಬಾಲ್ ಪೈಥಾನ್, 17 ಕಾಳಿಂಗ, ಆರು ಕಪುಚಿನ್ ಕೋತಿಗಳು. ಕೋತಿಗಳು ಆರೂ ಸತ್ತಿದ್ದವು.

ಸಿಕ್ಕಿಬಿದ್ದ ಬ್ಯಾಗಿನ ಲೆಕ್ಕ ಸಿಗುತ್ತೆ. ಸಿಕ್ಕಿಬೀಳದ ಬ್ಯಾಗಿನ ಪ್ರಾಣಿ ಒಂದು ವರ್ಷದ ನಂತರ ಪೆಟ್ ಶಾಪಿನಲ್ಲಿ ಕೂತರೆ, ಅದು ಇಲ್ಲೇ ಹುಟ್ಟಿದ್ದು ಅನ್ನುವುದಕ್ಕೂ ಅಲ್ಲ ಅನ್ನುವುದಕ್ಕೂ ಗಿರಾಕಿಯ ಹತ್ತಿರ ಆಧಾರ ಇರೋದಿಲ್ಲ. ಹಕ್ಕಿಗಳಲ್ಲಿ ಒಂದು ಗುರುತು ಇದೆ. ಮರಿಯಾಗಿದ್ದಾಗ ಮೊದಲ ಕೆಲವು ದಿನಗಳಲ್ಲಿ ಕಾಲಿಗೆ ಜೋಡಣೆಯಿಲ್ಲದ ಇಡೀ ಉಂಗುರ ತೊಡಿಸುತ್ತಾರೆ. ಬೆಳೆದ ಹಕ್ಕಿಯ ಕಾಲಿಗೆ ಅದು ಹೋಗುವುದಿಲ್ಲ. ಗೆಳೆಯನ ಮನೆಯ ಕೊನೂರ್ ಕಾಲು ನೋಡಿದೆ. ಉಂಗುರ ಇರಲಿಲ್ಲ. ಅದರಿಂದಲೇ ಕಳ್ಳಮಾಲು ಅಂತ ಹೇಳಲಾಗದು. ಅಲ್ಲ ಅಂತಲೂ ಹೇಳಲಾಗದು.

ಯಾರ ಸಾಕಣೆ ಅಪರಾಧ, ಯಾರದ್ದು ಹವ್ಯಾಸ

ತಿದ್ದುಪಡಿ ಪಾಸಾದ ಅದೇ 2022ರ ಡಿಸೆಂಬರ್‌ನಲ್ಲಿ ದಾವಣಗೆರೆ ಬೇರೆ ಕಾರಣಕ್ಕೆ ಸುದ್ದಿಯಲ್ಲಿತ್ತು. ಬೆಂಗಳೂರಿನ ಸಿಸಿಬಿ ಪೊಲೀಸರು ಇಲ್ಲಿನ ಮಾಜಿ ಸಚಿವರೊಬ್ಬರ ಫಾರ್ಮ್‌ಹೌಸ್‌ಗೆ ಹೋಗಿ ಕೃಷ್ಣಮೃಗ, ಚುಕ್ಕೆ ಜಿಂಕೆ, ಕಾಡುಹಂದಿ, ನರಿ, ಮುಂಗುಸಿಗಳನ್ನು ಪತ್ತೆ ಮಾಡಿದ್ದರು. ಅದರಲ್ಲಿ ಯಾರದ್ದು ಸರಿ ಯಾರದ್ದು ತಪ್ಪು ಅಂತ ಹೇಳೋದು ಕೋರ್ಟಿನ ಕೆಲಸ. 2023ರ ಅಕ್ಟೋಬರ್‌ನಲ್ಲಿ ಬಿಗ್ ಬಾಸ್ ಸ್ಪರ್ಧಿಯೊಬ್ಬರ ಕೊರಳಿನ ಹುಲಿ ಉಗುರು ಇಡೀ ರಾಜ್ಯವನ್ನು ವಾರಗಟ್ಟಲೆ ಮಾತಾಡಿಸಿತು. ಈ ಎರಡೂ ಪ್ರಕರಣಗಳಲ್ಲಿ ಗದ್ದಲ ಎದ್ದದ್ದು ಪ್ರಾಣಿ ನಮ್ಮ ಪಟ್ಟಿಯದ್ದಾಗಿದ್ದರಿಂದ ಮತ್ತು ವ್ಯಕ್ತಿ ಗೊತ್ತಿರುವವರಾಗಿದ್ದರಿಂದ.

ಸುದ್ದಿಯಾಗದ ಕಥೆ ಬೇರೆ ಇದೆ. ಇದೇ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ಹಕ್ಕಿಪಿಕ್ಕಿ ಕುಟುಂಬಗಳಿವೆ. ಹೆಸರಲ್ಲೇ ಹಕ್ಕಿ ಇರುವ ಈ ಸಮುದಾಯದ ಕುಲಕಸುಬು ಹಕ್ಕಿ ಹಿಡಿಯೋದು, ಬೇಟೆ. 1972ರ ಕಾಯ್ದೆ ಬಂದ ಮೇಲೆ ಅದು ಅಪರಾಧವಾಯಿತು. ತಲೆಎಣ್ಣೆ, ಗಿಡಮೂಲಿಕೆ, ಪ್ಲಾಸ್ಟಿಕ್ ಹೂವು ಹೊತ್ತು ಊರೂರು ಸುತ್ತಿದರು. ಸುತ್ತುತ್ತಾ ಆಫ್ರಿಕಾ ತಲುಪಿದರು. 2023ರ ಏಪ್ರಿಲ್‌ನಲ್ಲಿ ಸುಡಾನ್ ಯುದ್ಧದಲ್ಲಿ ಸಿಲುಕಿದವರಲ್ಲಿ ಚನ್ನಗಿರಿ ಕಡೆಯವರೂ ಇದ್ದರು ಅನ್ನುವುದು ನಿಮಗೆ ನೆನಪಿರಬಹುದು.

ಬೇಟೆ ಮುಂದುವರಿಯಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಕಾಡು ಉಳಿಯಬೇಕಾದರೆ ಅದು ನಿಲ್ಲಲೇಬೇಕಿತ್ತು. ಆದರೆ ಹೋಲಿಸಿ ನೋಡಿ. ಹಕ್ಕಿಪಿಕ್ಕಿಯವನಿಗೆ, ಹಾವಾಡಿಗನಿಗೆ, ಗಿಳಿಶಾಸ್ತ್ರದ ಅಜ್ಜನಿಗೆ 'ಆರು ತಿಂಗಳು ಟೈಮು ಕೊಡ್ತೀವಿ, ದಾಖಲೆ ಬೇಡ, ಹೆಸರು ಬರೆಸಿ' ಅಂತ ಯಾವ ಸರ್ಕಾರವೂ ಹೇಳಲಿಲ್ಲ. ಹತ್ತಾರು ಸಾವಿರ ಕೊಟ್ಟು ಹಕ್ಕಿ, ಹಾವು ಕೊಳ್ಳಬಲ್ಲವರಿಗೆ ಆ ಸೌಕರ್ಯ ಸಿಕ್ಕಿತು. ಹೊಟ್ಟೆಪಾಡಿಗೆ ಹಿಡಿದರೆ ಕೇಸು, ಹವ್ಯಾಸಕ್ಕೆ ಕೊಂಡರೆ ಪೋರ್ಟಲ್. ಪಂಜರದೊಳಗೆ ಇರುವ ಜೀವಕ್ಕೆ ಈ ವ್ಯತ್ಯಾಸ ಗೊತ್ತೇ ಆಗೋದಿಲ್ಲ.

ನನ್ನ ಆಮೆ

ಇಷ್ಟೆಲ್ಲ ಹೇಳುವ ನಾನೇನು ಸಾಚಾ ಅಲ್ಲ. ಎರಡನೇ ವರ್ಷದ ಇಂಜಿನಿಯರಿಂಗ್‌ನಲ್ಲಿ ನಾನೂ ಒಂದು ಆಮೆ ತಂದಿದ್ದೆ. ನಾಣ್ಯದಷ್ಟು ಅಗಲ, ಪಚ್ಚೆ ಹಸಿರು ಚಿಪ್ಪು, ಕಿವಿಯ ಜಾಗದಲ್ಲಿ ಕೆಂಪು ಗೆರೆ. 'ಮನೇಲಿ ಆಮೆ ಇದ್ರೆ ಲಕ್ಷ್ಮಿ ಬರ್ತಾಳೆ' ಅಂತ ಮಾರಿದವರು ಹೇಳಿದ್ದರು. ಅದು ಅಮೆರಿಕದ ರೆಡ್ ಇಯರ್ಡ್ ಸ್ಲೈಡರ್ ಅಂತ ಆಗ ಗೊತ್ತಿರಲಿಲ್ಲ. ಗಾಜಿನ ಬಟ್ಟಲಲ್ಲಿಟ್ಟು ಅನ್ನ, ಮಂಡಕ್ಕಿ ಹಾಕುತ್ತಿದ್ದೆ. ಅದು ಬೆಳೆಯಿತು, ನೀರು ನಾರತೊಡಗಿತು, ಚಿಪ್ಪು ಮೆತ್ತಗಾಯಿತು. ಫೈನಲ್ ಇಯರ್ ಮುಗಿಸಿ ರೂಮು ಖಾಲಿ ಮಾಡುವ ದಿನ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಹಾಕಿಕೊಂಡು ಹೋಗಿ ಕುಂದವಾಡ ಕೆರೆಗೆ ಬಿಟ್ಟು ಬಂದೆ. ಪುಣ್ಯದ ಕೆಲಸ ಮಾಡಿದೆ ಅಂದುಕೊಂಡು ಫೋಟೋ ಕೂಡ ತೆಗೆದಿದ್ದೆ.

ವರ್ಷಗಳ ನಂತರ ಓದಿದೆ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಊಟದ ತಟ್ಟೆಯಷ್ಟು ಬೆಳೆಯುತ್ತೆ, ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕುತ್ತೆ. ದೇಶಿ ಆಮೆಗಳ ಆಹಾರಕ್ಕೆ, ಬಿಸಿಲು ಕಾಯುವ ಜಾಗಕ್ಕೆ ಪೈಪೋಟಿ ಕೊಡುತ್ತೆ. ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇಟ್ಟುಕೊಂಡೂ ಆರೋಗ್ಯವಾಗಿ ಕಾಣುತ್ತೆ. ಮಕ್ಕಳಿಗೆ ಸೋಂಕು ತಗಲುತ್ತೆ ಅಂತ ನಾಲ್ಕು ಇಂಚಿಗಿಂತ ಸಣ್ಣ ಆಮೆಗಳ ಮಾರಾಟವನ್ನು ಅಮೆರಿಕವೇ 1975ರಲ್ಲಿ ನಿಲ್ಲಿಸಿದೆ. ಕೇರಳದ ಅರಣ್ಯ ಸಂಶೋಧನಾ ಸಂಸ್ಥೆ ಇವನ್ನು ಕೆರೆಗೆ ಬಿಡಬೇಡಿ, ನಮಗೆ ಕೊಡಿ ಅಂತ ಜನರಿಂದ ಪಡೆಯುವ ಕೆಲಸ ಮಾಡಿದೆ. ನಾನು ಬಿಟ್ಟಿದ್ದು ಒಂದೇ ಅಂತ ಸಮಾಧಾನ ಮಾಡಿಕೊಳ್ಳಬಹುದು. ಆದರೆ ಬಿಟ್ಟವರೆಲ್ಲ ಬಿಟ್ಟದ್ದು ಒಂದೊಂದೇ. ಕುಂದವಾಡ ಕೆರೆ ಊರಿಗೆ ಕುಡಿಯುವ ನೀರು ಕೊಡುವ ಕೆರೆ ಬೇರೆ.

ಹಾಗಾದರೆ ಏನು ಮಾಡಬೇಕು

'ನಾಯಿ ಬೆಕ್ಕೂ ಒಂದು ಕಾಲಕ್ಕೆ ಕಾಡುಪ್ರಾಣಿಗಳೇ ಅಲ್ವಾ' ಅಂತ ಕೇಳುವವರಿದ್ದಾರೆ. ಹೌದು. ಆದರೆ ಸಾವಿರಾರು ವರ್ಷ ನಮ್ಮ ಜೊತೆ ಬದುಕಿ ಅವುಗಳ ಹುಟ್ಟುಗುಣವೇ ಬದಲಾಗಿದೆ. ಪಂಜರದಲ್ಲಿ ಹುಟ್ಟಿದ ಕೊನೂರ್ ಮನುಷ್ಯರಿಗೆ ಒಗ್ಗಿರಬಹುದು, ಹಿಂಡು ಬೇಡುವ ಅದರ ಮೆದುಳು ಮಾತ್ರ ಕಾಡಿನದ್ದೇ. 'ಫಾರ್ಮ್‌ನಲ್ಲಿ ಬೆಳೆಸಿದರೆ ಕಾಡಿನ ಮೇಲೆ ಒತ್ತಡ ಕಡಿಮೆಯಾಗುತ್ತೆ' ಅನ್ನುವ ವಾದದಲ್ಲಿ ಹುರುಳಿದೆ. ಆದರೆ ಅದು ಜಾತಿಯ ಉಳಿವಿನ ಮಾತು, ಪಂಜರದಲ್ಲಿರುವ ಆ ಒಂದು ಜೀವದ ಬದುಕಿನ ಮಾತಲ್ಲ.

ಆ ಜೀವದ ಬದುಕಿನ ಬಗ್ಗೆ ಮಾತಾಡುವ ಕಾನೂನು ನಮ್ಮಲ್ಲಿ ಇಲ್ಲದೇ ಇಲ್ಲ. ಚಲಿಸೋಕೆ ಜಾಗವಿಲ್ಲದ ಪಂಜರದಲ್ಲಿ ಪ್ರಾಣಿ ಇಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಇವತ್ತು ಅಷ್ಟು ಹಣದಲ್ಲಿ ದಾವಣಗೆರೆಯಲ್ಲಿ ಒಂದು ಬೆಣ್ಣೆ ದೋಸೆ ತಿಂದು ಏಳೋಕೂ ಕಷ್ಟ. ಪೆಟ್ ಶಾಪ್‌ಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು ಅಂತ 2018ರ ನಿಯಮ ಹೇಳುತ್ತೆ. ನಿಮ್ಮೂರಿನ ಅಂಗಡಿಗೆ ಹೋಗಿ ಆ ಸರ್ಟಿಫಿಕೇಟ್ ತೋರಿಸಿ ಅಂತ ಕೇಳಿ ನೋಡಿ.

ಇದಕ್ಕಿಂತ ಮುಖ್ಯವಾದದ್ದು ಪ್ರಶ್ನೆಯ ಕ್ರಮ ಬದಲಿಸುವುದು. ಈಗ ಕೊಂಡ ಮೇಲೆ ನೋಂದಣಿ. ಯುರೋಪಿನ ಕೆಲವು ದೇಶಗಳು ಇದನ್ನು ತಿರುಗಿಸಿವೆ. ಮನೆಯಲ್ಲಿ ನೆಮ್ಮದಿಯಾಗಿ ಬದುಕಬಲ್ಲವು ಅಂತ ತಜ್ಞರು ಒಪ್ಪಿದ ಸಸ್ತನಿಗಳ ಪಟ್ಟಿ ಮಾಡಿ, ಅದರಲ್ಲಿ ಇಲ್ಲದ್ದನ್ನು ಸಾಕುವಂತಿಲ್ಲ ಅಂದಿವೆ. ಬೆಲ್ಜಿಯಂ 2009ರಿಂದ ಹೀಗೆ ಮಾಡುತ್ತಿದೆ. ನೆದರ್ಲೆಂಡ್ಸ್ 2024ರ ಜುಲೈಯಿಂದ ಜಾರಿಗೆ ತಂದ ಪಟ್ಟಿಯಲ್ಲಿ ಇರುವುದು ಬರೀ 30 ಜಾತಿ. ನಿಷೇಧಿತ ಪ್ರಾಣಿಗಳ ಪಟ್ಟಿ ಯಾವತ್ತೂ ಮಾರುಕಟ್ಟೆಯ ಹಿಂದೆಯೇ ಓಡುತ್ತಿರುತ್ತೆ. ಅನುಮತಿಯ ಪಟ್ಟಿ ಮಾರುಕಟ್ಟೆಯ ಮುಂದೆ ನಿಲ್ಲುತ್ತೆ. ನಮ್ಮ ಪಟ್ಟಿಯಲ್ಲಿ ಹಕ್ಕಿ, ಹಾವು, ಆಮೆಗಳೂ ಸೇರಬೇಕು. ಜೊತೆಗೆ, ಸಾಕಲಾಗದವರು ಹೆದರದೆ ತಂದು ಒಪ್ಪಿಸುವ ಒಂದು ಕೇಂದ್ರ ಪ್ರತಿ ವಿಭಾಗದಲ್ಲಾದರೂ ಬೇಕು. ಅದಿಲ್ಲದಿದ್ದರೆ ಎಲ್ಲರೂ ನನ್ನ ಹಾಗೆ ಬಕೆಟ್ ಹಿಡಿದು ಕೆರೆಗೆ ಹೋಗುತ್ತಾರೆ.

ಪ್ರಾಣಿ ಪ್ರೀತಿ ಇದ್ದರೆ ಅದಕ್ಕೆ ದಾರಿ ಇಲ್ಲೇ ಇದೆ. ಇದೇ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಾಗಿಯೇ ಒಂದು ಅಭಯಾರಣ್ಯ ಇದೆ. ನಾಲ್ಕು ಕೊಂಬಿನ ಆ ಪುಟ್ಟ ಜೀವವನ್ನು ನೋಡಿದ ದಾವಣಗೆರೆಯ ಹುಡುಗರು ಎಷ್ಟು ಜನ? ಶುಗರ್ ಗ್ಲೈಡರ್ ರೀಲ್ ನೋಡದವರು ಎಷ್ಟು ಜನ?

ಹೊರಡುವಾಗ ಆ ಹುಡುಗಿ ಗೇಟಿನ ತನಕ ಬಂದಳು. "ಈಗ ನಾ ಏನ್ ಮಾಡ್ಲಿ ಅಂಕಲ್? ಬಿಟ್ಟುಬಿಡ್ಲಾ?" ಬಿಡಬೇಡ, ಹೊರಗೆ ಅದು ಒಂದು ವಾರ ಬದುಕೋದಿಲ್ಲ ಅಂದೆ. ಮೊದಲು ಹಕ್ಕಿ ನೋಡುವ ಡಾಕ್ಟರನ್ನು ಹುಡುಕು. ಪಂಜರ ದೊಡ್ಡದು ಮಾಡು, ಅಡುಗೆಮನೆಯಿಂದ ದೂರ ಇಡು. ಬೀಜ ಕಡಿಮೆ ಮಾಡಿ ಸೊಪ್ಪು, ತರಕಾರಿ ಹೆಚ್ಚು ಮಾಡು. ದಿನಾ ಕೆಲವು ತಾಸು ಕಿಟಕಿ ಬಾಗಿಲು ಮುಚ್ಚಿ, ಫ್ಯಾನ್ ಆರಿಸಿ ಹಾರೋಕೆ ಬಿಡು, ಜೊತೆಗಿರು. ಇನ್ನೊಂದನ್ನು ಕೊಳ್ಳಬೇಡ. ಗೆಳತಿಯರು ಕೇಳಿದರೆ ಈ ಎದೆ ತೋರಿಸು.

"ಎಷ್ಟು ವರ್ಷ ಬದುಕ್ತೈತಿ ಇದು?" ಅಂದಳು. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತೈದು ವರ್ಷ ಅಂದೆ. ಅವಳು ಬೆರಳಲ್ಲಿ ಲೆಕ್ಕ ಹಾಕಿದಳು. "ನಂಗಾಗ ನಲವತ್ತು ದಾಟಿರ್ತೈತಿ." ಡಿಗ್ರಿ ಮುಗಿಯುತ್ತೆ, ಕೆಲಸಕ್ಕೆ ಬೆಂಗಳೂರಿಗೆ ಹೋಗ್ತಾಳೆ, ಮದುವೆ, ಬಾಡಿಗೆ ಮನೆ, ಕೂಗು ಸಹಿಸದ ಓನರ್. ಇದನ್ನೆಲ್ಲ ಮಾರಿದವರು ಕೇಳಿರಲಿಲ್ಲ, ನೋಂದಣಿ ಮಾಡಿಸಿಕೊಂಡವರೂ ಕೇಳಿರಲಿಲ್ಲ. ಒಳಗಿಂದ ಮತ್ತೆ ಕೂಗು ಕೇಳಿಸಿತು. ಅವಳು ಓಡಿದಳು.